ನಮ್ಮೂರಲ್ಲಿ ಬಿಸಿಲು, ಆದರೂ ಹೊಳೆ ಏರುತ್ತೆ: ಅಲರ್ಟ್ ಓದೋದು ಹೇಗೆ?

ಜುಲೈ ಬಂತಂದ್ರೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅಲರ್ಟ್‌ಗಳದ್ದೇ ಸುಗ್ಗಿ. ‘ಬೆಳಗಾವಿ ಜಿಲ್ಲೆಗೆ ಆರೆಂಜ್ ಅಲರ್ಟ್’ ಅಂತ ಒಬ್ಬ ಹಾಕ್ತಾನೆ. ಹೊರಗೆ ನೋಡಿದ್ರೆ ಬಿಸಿಲು. ‘ಎಲ್ಲೈತಿ ಲೇ ಮಳಿ?’ ಅಂತ ಇನ್ನೊಬ್ಬ ನಗೋ ಎಮೋಜಿ ಒತ್ತುತ್ತಾನೆ. ಎರಡು ದಿನ ಬಿಟ್ಟು ಹೊಳೆ ದಂಡೆಯ ಮೋಟಾರು ನೀರೊಳಗೆ.

ಹವಾಮಾನ ಇಲಾಖೆ ಸುಳ್ಳು ಹೇಳಿತು ಅಂತಲ್ಲ. ಬಣ್ಣದ ಅಲರ್ಟ್ ಇರೋದು ಇಡೀ ಜಿಲ್ಲೆಗೆ. ಖಾನಾಪುರದ ಕಾಡಲ್ಲಿ ಮಳೆ ಸುರಿಯುವಾಗ ಅಥಣಿಯಲ್ಲಿ ಧೂಳು ಹಾರಬಹುದು, ಎರಡೂ ಬೆಳಗಾವಿ ಜಿಲ್ಲೆಯೇ. ಹಳದಿ ಅಂದ್ರೆ ಗಮನ ಇಡಿ, ಆರೆಂಜ್ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಕೂಡಲೇ ಕ್ರಮ ಕೈಗೊಳ್ಳಿ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’ ಮಳೆ, 115.6ರಿಂದ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಈ ಲೆಕ್ಕದ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಾಗಾಗಿ ಫಾರ್ವರ್ಡ್ ಬಂದ ಕೂಡಲೇ ಮೊದಲು ತಾರೀಖು ನೋಡಿ. ಹೋದ ವರ್ಷದ ಅಲರ್ಟು, ಯಾವುದೋ ಡ್ಯಾಮಿನ ಹಳೇ ವಿಡಿಯೊ ಪ್ರತಿ ಮಳೆಗಾಲ ಮತ್ತೆ ಹುಟ್ಟಿ ಬರ್ತಾವೆ.

ಆದರೆ ಕೃಷ್ಣಾ ತೀರದವರಿಗೆ ಬಣ್ಣ ಗೊತ್ತಿದ್ರಷ್ಟೇ ಸಾಲದು. ನಮ್ಮ ಹೊಲ ಮುಳುಗಿಸೋ ಮಳೆ ನಮ್ಮ ಹೊಲದ ಮೇಲೆ ಬೀಳೋದೇ ಇಲ್ಲ, ಅದು ಬೀಳೋದು ಮಹಾಬಲೇಶ್ವರ, ಕೊಯ್ನಾ, ಕೊಲ್ಲಾಪುರದ ಘಟ್ಟದಲ್ಲಿ. 2019ರ ಆಗಸ್ಟ್‌ನಲ್ಲಿ ಆದದ್ದು ನಿಮಗೆಲ್ಲ ನೆನಪಿದೆ. ನಮ್ಮೂರ ಕಾಕಾ ಒಬ್ಬರು ಮೊಬೈಲ್ ಹಿಡಿದವರಲ್ಲ, ಆದರೆ ಮಳೆಗಾಲದಲ್ಲಿ ನನ್ನನ್ನ ಕಂಡಾಗೆಲ್ಲ ಕೇಳೋದು ಒಂದೇ: ‘ತಮ್ಮಾ, ಮ್ಯಾಲಿಂದ ಎಷ್ಟ್ ಬಿಟ್ಟಾರ ನೋಡಿ ಹೇಳು.’ ಸರಿಯಾದ ಪ್ರಶ್ನೆ ಅದು.

ಉತ್ತರ ಮಾತ್ರ ಕೊಯ್ನಾ ಒಂದನ್ನೇ ನೋಡಿದ್ರೆ ಸಿಗಲ್ಲ. ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತೆ. ಅದರ ಕೆಳಗಿರೋ ರಾಜಾಪುರ ಬ್ಯಾರೇಜಿನ ಹೊರಹರಿವಿನಲ್ಲಿ ಎರಡೂ ನದಿಯ ನೀರು ಇರುತ್ತೆ. ಅದಕ್ಕೆ ದೂಧಗಂಗೆಯ ಹರಿವು ಕೂಡಿಸಿದ್ರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ಎಷ್ಟು ನೀರು ಅನ್ನೋ ಅಂದಾಜು ಸಿಗುತ್ತೆ. ಅಲ್ಲಿಂದ ಹಿಪ್ಪರಗಿ, ಆಮೇಲೆ ಆಲಮಟ್ಟಿ. ಸದಲಗಾ, ಭೋಜ ಕಡೆಯವರು ದೂಧಗಂಗಾ, ವೇದಗಂಗಾ ನೋಡಬೇಕು, ಅವರಿಗೆ ರಾಜಾಪುರದ ಅಂಕಿಯಷ್ಟೇ ಉಪಯೋಗಕ್ಕೆ ಬರಲ್ಲ.

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28.3 ಲೀಟರ್. 1 ಲಕ್ಷ ಕ್ಯೂಸೆಕ್ ಒಂದಿಡೀ ದಿನ ಹರಿದರೆ 8.64 ಟಿಎಂಸಿ. ಇಷ್ಟು ಗೊತ್ತಿದ್ದೂ ‘ನನ್ನ ಹೊಲಕ್ಕೆ ಬರ್ತದೋ ಇಲ್ಲೋ’ ಅನ್ನೋದು ಯಾವ ಆ್ಯಪ್ ಕೂಡ ಹೇಳಲ್ಲ. ಅದನ್ನ ನೀವೇ ಮಾಡ್ಕೋಬೇಕು. ಹೊಳೆ ಏರುವಾಗ ದಿನಾ ಎರಡು ಸಲ ಮೊಬೈಲ್ ನೋಟ್ಸ್‌ನಲ್ಲಿ ಬರೀರಿ: ತಾರೀಖು, ಹೊತ್ತು, ಮೇಲಿನ ಬ್ಯಾರೇಜಿನ ಕ್ಯೂಸೆಕ್, ನೀರು ನಮ್ಮೂರಲ್ಲಿ ಎಲ್ಲಿಗೆ ಬಂತು. ಸೇತುವೆ ಕಂಬದ್ದು, ಜಾಕ್‌ವೆಲ್‌ದು ಒಂದೇ ಜಾಗದಿಂದ ಫೋಟೊ ತೆಗೀರಿ, ಆದರೆ ದೂರದಿಂದ. ಸೇತುವೆ ಮುಳುಗಿದ್ದು ಎಷ್ಟು ಕ್ಯೂಸೆಕ್ಕಿಗೆ, ಮೇಲೆ ಬಿಟ್ಟ ನೀರು ನಮ್ಮಲ್ಲಿ ಮುಟ್ಟೋಕೆ ಎಷ್ಟು ತಾಸು ಬೇಕಾಯ್ತು, ಎರಡು ಮಳೆಗಾಲ ಬರೆದ್ರೆ ಸಾಕು. ಇದು ಮೂರು ಮೈಲಿ ಆಚೆ ಊರಿಗೆ ನಡೆಯಲ್ಲ, ನಿಮ್ಮೂರಿಗೆ ಮಾತ್ರ.

ಫೋನಿನಲ್ಲಿ ಇರಬೇಕಾದ್ದು ಬಹಳ ಇಲ್ಲ. ಸಿಡಿಲಿಗೆ ದಾಮಿನಿ, ಕೃಷಿ ಸಲಹೆಗೆ ಮೇಘದೂತ್, ಹೊಳೆಗೆ ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್, ಸರ್ಕಾರಿ ಎಚ್ಚರಿಕೆಗೆ ಸಚೇತ್. ಫೋನ್ ಸೆಟ್ಟಿಂಗಿನಲ್ಲಿ ‘ಎಮರ್ಜೆನ್ಸಿ ಅಲರ್ಟ್’ ಆನ್ ಇದೆಯಾ ನೋಡಿ. ಒಮ್ಮೆ ಜೋರಾಗಿ ಕೂಗಿತು ಅಂತ ಸಿಟ್ಟಿಗೆ ಆಫ್ ಮಾಡಿದವರು ಬಹಳ ಮಂದಿ. ಆ್ಯಪ್ ತಲೆನೋವು ಬೇಡ ಅನ್ನೋರಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಇದೆ: 92433 45433. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಕೆಲಸದ ಮಾತು. ಭಾರಿ ಮಳೆ ಮುನ್ಸೂಚನೆ ಇದ್ದಾಗ ಯೂರಿಯಾ, ಸಿಂಪರಣೆ ಎರಡೂ ನಿಲ್ಲಿಸಿ, ಕೊಚ್ಚಿ ಹೋಗೋದು ನಿಮ್ಮದೇ ದುಡ್ಡು. ಮೋಟಾರು, ಸ್ಟಾರ್ಟರ್ ಪೆಟ್ಟಿಗೆಯನ್ನ ಹಗಲಿದ್ದಾಗಲೇ, ಕರೆಂಟ್ ತೆಗೆಸಿಕೊಂಡು ಮೇಲೆ ತನ್ನಿ. ನೀರು ಬಂದಮೇಲೆ ಮೋಟಾರಿಗೆ ಅಂತ ಇಳೀಬೇಡಿ. ಮೋಟಾರು ಹೋದ್ರೆ ಇನ್ನೊಂದು ತರಬಹುದು. ಮೇವು, ಕಣಕಿ ಮೊದಲೇ ಎತ್ತರಕ್ಕೆ ಸಾಗಿಸಿ. ದನಗಳನ್ನ ಹೊರಗೆ ಹೊಡೆಯೋ ದಾರಿ ಯಾವ ಹಳ್ಳ ದಾಟಬೇಕು ನೋಡ್ಕೊಳ್ಳಿ, ಊರಿಗಿಂತ ಮೊದಲು ಮುಚ್ಚೋದು ಆ ದಾರಿಯೇ. ಹೊರಡೋಕೆ ಪುರಸೊತ್ತೇ ಸಿಗದಿದ್ರೆ ದಾವಣಿ ಹಗ್ಗವಾದ್ರೂ ಬಿಚ್ಚಿ ಹೋಗಿ. ಕಟ್ಟಿದ ದನ ಈಜೋಕಾಗಲ್ಲ.

ಪಹಣಿ, ಪಾಸ್‌ಬುಕ್, ವಿಮೆ ರಸೀದಿ ಫೋಟೊ ಈಗಲೇ ತೆಗೆದಿಡಿ. ಫಸಲ್ ಬಿಮಾ ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447. ಆದರೆ ಜಲಾವೃತದ ನಿಯಮ ಎಲ್ಲ ಬೆಳೆಗೂ ಒಂದೇ ಅಲ್ಲ. ಕಬ್ಬು, ಭತ್ತದವರು ನಮಗೂ ಬರುತ್ತೆ ಅಂತ ನಂಬಿ ಕೂರದೆ, ರೈತ ಸಂಪರ್ಕ ಕೇಂದ್ರದಲ್ಲಿ ಈ ವಾರವೇ ಕೇಳಿಬನ್ನಿ.