ಡೆಡ್‌ಲಿಫ್ಟ್ ನಂತರ ಥೈಲಿ ಹಾಲು

ಮುಂಬಯಿಯ ಗೋರೆಗಾಂವ್ ಪೂರ್ವದ ಜಿಮ್ಮೊಂದರಲ್ಲಿ ಬೆಳಗಿನ ಆರೂಮುಕ್ಕಾಲಿಗೆ ಕಬ್ಬಿಣದ ಸದ್ದು ಜೋರು. ಡೆಡ್‌ಲಿಫ್ಟ್ ಮುಗಿಸಿದ ಉಡುಪಿ ಮೂಲದ ಗೃಹಿಣಿ ಬೆವರೊರೆಸಿಕೊಂಡು ಚೀಲದಿಂದ ಸ್ಟೀಲ್ ಬಾಟಲಿ ತೆಗೆಯುತ್ತಾರೆ. ಪಕ್ಕದ ಹುಡುಗಿಯರು ಚಾಕೊಲೇಟ್ ಪರಿಮಳದ ಪುಡಿ ಕಲಕುತ್ತಿದ್ದರೆ ಇವರದ್ದು ತಣ್ಣನೆಯ ಬರಿ ಹಾಲು, ಸಕ್ಕರೆಯೂ ಇಲ್ಲ. ಮುಚ್ಚಳ ತೆರೆದು ತೋರಿಸಿದರೆ ಅಂಚಿಗೆ ಕೆನೆ ಅಂಟಿಲ್ಲ. ತಬೇಲದ ಭೈಯ್ಯಾ ತರುವ ಎಮ್ಮೆ ಹಾಲು ಮನೆಯವರ ಚಹಾಕ್ಕೆ. ಬಾಟಲಿಗೆ ಡಬಲ್ ಟೋನ್ಡ್ ಥೈಲಿ (ಪ್ಯಾಕೆಟ್) ಹಾಲೇ ಆಗಬೇಕಂತೆ.

ಇದು ಬರಿಯ ಹಟವಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಆಂಡ್ರಿಯಾ ಜೋಸ್, ಸ್ಟುವರ್ಟ್ ಫಿಲಿಪ್ಸ್ ಮತ್ತವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಯುವತಿಯರು 12 ವಾರ, ವಾರಕ್ಕೆ ಐದು ದಿನ ಭಾರ ಎತ್ತಿದರು. ಅರ್ಧದಷ್ಟು ಮಂದಿಗೆ ವ್ಯಾಯಾಮ ಮುಗಿದ ತಕ್ಷಣ 500 ಮಿ.ಲೀ., ಒಂದು ಗಂಟೆ ಬಿಟ್ಟು ಮತ್ತೆ 500 ಮಿ.ಲೀ. ಕೊಬ್ಬು ತೆಗೆದ ಹಾಲು. ಉಳಿದವರಿಗೆ ಅಷ್ಟೇ ಕ್ಯಾಲೊರಿಯ ಕಾರ್ಬೊಹೈಡ್ರೇಟ್ ಪಾನೀಯ. ಹಾಲು ಕುಡಿದವರ ಕೊಬ್ಬು ಸರಾಸರಿ 1.6 ಕಿಲೋ ಇಳಿದು, ಕೊಬ್ಬಿಲ್ಲದ ದೇಹಭಾಗ 1.9 ಕಿಲೋ ಏರಿತು. ಇನ್ನೊಂದು ಗುಂಪಿನಲ್ಲಿ ಇಳಿದದ್ದು 0.3, ಏರಿದ್ದು 1.1. ತೂಕದ ಯಂತ್ರ ಮಾತ್ರ ನಂಬಿದವರಿಗೆ ಹಾಲಿನ ಗುಂಪಿನಲ್ಲಿ ಏನೂ ನಡೆದಂತೆಯೇ ಕಾಣುತ್ತಿರಲಿಲ್ಲ!

ಕೊಬ್ಬು ತೆಗೆದ ಹಾಲು ಎಂಬಲ್ಲೇ ಮುಂಬಯಿಯವರು ಎಡವುವುದು. ಇಲ್ಲಿ ‘ಒಳ್ಳೆ ಹಾಲು’ ಎಂದರೆ ಎಮ್ಮೆಯದು, ಕುದಿಸಿದರೆ ರೊಟ್ಟಿಯಂತೆ ಕೆನೆ ಕಟ್ಟುವುದು. ಅದನ್ನು ದಿನಕ್ಕೊಂದು ಲೀಟರ್ ಇಳಿಸಿದರೆ ಹತ್ತಿರ ಹತ್ತಿರ 1,000 ಕ್ಯಾಲೊರಿ. ಕೊಬ್ಬು ತೆಗೆದದ್ದರಲ್ಲಿ ಅದರ ಮೂರನೇ ಒಂದು ಭಾಗ ಮಾತ್ರ. ಪ್ರೋಟೀನ್ ಎರಡರಲ್ಲೂ 30 ಗ್ರಾಂ ದಾಟುತ್ತದೆ. ಅದರಲ್ಲಿ ಸುಮಾರು ಐದನೇ ಒಂದು ಭಾಗ ಬೇಗ ಜೀರ್ಣವಾಗುವ ವ್ಹೇ, ಉಳಿದದ್ದು ನಿಧಾನಿ ಕೇಸಿನ್.

ಇನ್ನು ಟೋನ್ಡ್ ಹಾಲಿನ ಕಥೆ. ‘ನೀರು ಹಾಲು’ ಎಂದು ಅತ್ತೆಯಂದಿರು ಮೂಗು ಮುರಿಯುವ ಈ ಹಾಲು ಹುಟ್ಟಿದ್ದೇ ಈ ಊರಲ್ಲಿ. ಮಿಲ್ಕ್ ಕಮಿಷನರ್ ದಾರಾ ಖುರೋಡಿ ಎಮ್ಮೆ ಹಾಲಿಗೆ ಕೆನೆರಹಿತ ಹಾಲಿನ ಪುಡಿ ಮತ್ತು ನೀರು ಬೆರೆಸಿದರು. ಕೊಬ್ಬು ಇಳಿಯಿತು, ಉಳಿದ ಸತ್ವ ತೆಳ್ಳಗಾಗಲಿಲ್ಲ, ಇದ್ದ ಹಾಲು ಹೆಚ್ಚು ಮನೆಗಳಿಗೆ ಮುಟ್ಟಿತು. 1946ರಲ್ಲಿ ಶುರುವಾದ ಈ ಉಪಾಯಕ್ಕೆ ಹೆಸರಿಟ್ಟವರೂ ಅವರೇ. ಊರೊಳಗಿನ ಕೊಳಕು ತಬೇಲಗಳಿಂದ ಎಮ್ಮೆಗಳನ್ನು ಹೊರಸಾಗಿಸಲು 1949ರಲ್ಲಿ ಆರೆ ಕಾಲೊನಿ ಎದ್ದದ್ದೂ ಅವರ ಕಾಲದಲ್ಲೇ. ನೆಹರೂ ಉದ್ಘಾಟಿಸಿದ್ದು 1951ರಲ್ಲಿ. ಹೊರದೇಶದ ಪುಡಿಯ ಮೇಲೆ ಖುರೋಡಿಗಿದ್ದ ಒಲವು ಆಣಂದದ ಹಾಲು ಸಹಕಾರಿಯ ವರ್ಗೀಸ್ ಕುರಿಯನ್‌ಗೆ ಸರಿಬರಲಿಲ್ಲ. ಜಗಳವಾಡಿದ ಇಬ್ಬರಿಗೂ, ಅದೇ ಸಹಕಾರಿಯ ತ್ರಿಭುವನದಾಸ್ ಪಟೇಲರಿಗೂ 1963ರ ಮ್ಯಾಗ್ಸೆಸೆ ಪ್ರಶಸ್ತಿ ಒಟ್ಟಿಗೇ ಬಂತು! ಇಂದಿನ ಲೆಕ್ಕದಲ್ಲಿ ಟೋನ್ಡ್‌ನಲ್ಲಿ ಶೇ 3, ಡಬಲ್ ಟೋನ್ಡ್‌ನಲ್ಲಿ ಶೇ 1.5 ಕೊಬ್ಬು. ಬಡವರ ಪಾಲಿಗೆಂದು ಮಾಡಿದ್ದು ಈಗ ಬಾರ್‌ಬೆಲ್ ಎತ್ತುವವರ ಚೀಲದಲ್ಲಿ.

ಆದರೂ ಕೆನಡಾದ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಹಾಲು ಸೋಲಿಸಿದ್ದು ಪ್ರೋಟೀನೇ ಇಲ್ಲದ ಪಾನೀಯವನ್ನು. ಮೊಟ್ಟೆಯನ್ನಲ್ಲ, ಹೆಸರುಕಾಳಿನ ಉಸಲಿಯನ್ನೂ ಅಲ್ಲ. ಗುಂಪಿಗೆ ಹತ್ತು ಜನ ಎಂಬುದು ಬಲು ಸಣ್ಣ ಲೆಕ್ಕ. ಅಲ್ಲಿನ ಹಾಲಿಗೆ ವಿಟಮಿನ್ ಡಿ ಬೆರೆಸಿರುತ್ತಾರೆ. ಇಲ್ಲಿ ಥೈಲಿಯ ಮೇಲೆ ಹಾಗೆ ಬೆರೆಸಿದ್ದನ್ನು ತೋರಿಸುವ ‘+ಎಫ್’ ಗುರುತಿದೆಯೇ ಎಂದು ನೋಡಬೇಕು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಂತೂ ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಮೊಸರೇ ವಾಸಿ.

ಗೃಹಿಣಿ ಎರಡನೆಯ ಅರ್ಧ ಲೀಟರನ್ನು ಮನೆಗೆ ಹೋಗಿ ಕುಡಿಯುತ್ತಾರೆ. ಅಲ್ಲಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಭೈಯ್ಯಾನ ಹಾಲಿನ ಕೆನೆ ಡಬ್ಬಿಯಲ್ಲಿ ಕೂಡುತ್ತಿರುತ್ತದೆ. ಶನಿವಾರ ಅದನ್ನು ಕಡೆದು ತುಪ್ಪ ಕಾಯಿಸುವುದನ್ನು ಮಾತ್ರ ಯಾವ ಟ್ರೇನರ್ ಹೇಳಿದರೂ ಬಿಡುವುದಿಲ್ಲವಂತೆ.