ನಿಮಗಿದು ಗೊತ್ತೆ?: ಆನೆ ಕೊಟ್ಟು ಆಟ ಉಳಿಸಿದ ಪೆಟ್ರೋಸಿಯಾನ್

1963ರಲ್ಲಿ ಮಿಖಾಯಿಲ್ ಬೋಟ್ವಿನಿಕ್ ಅವರನ್ನು ಮಣಿಸಿ ಚದುರಂಗದ ವಿಶ್ವ ಚಾಂಪಿಯನ್ ಆಗಿ, 1969ರವರೆಗೆ ಪಟ್ಟ ಉಳಿಸಿಕೊಂಡಿದ್ದ ಸೋವಿಯತ್ ಒಕ್ಕೂಟದ ಗ್ರ್ಯಾಂಡ್‌ಮಾಸ್ಟರ್ ಟಿಗ್ರಾನ್ ಪೆಟ್ರೋಸಿಯಾನ್, ಎದುರಾಳಿಯ ಯೋಜನೆ ರೂಪುಗೊಳ್ಳುವ ಮೊದಲೇ ಅದಕ್ಕೆ ತಡೆಯೊಡ್ಡುವ ಮುಂಜಾಗ್ರತೆಯ ಆಟಕ್ಕೆ ಹೆಸರಾಗಿದ್ದರು. ಹೆಚ್ಚು ಬೆಲೆಯ ಆನೆಯನ್ನು ಬಿಟ್ಟುಕೊಟ್ಟು ಕಡಿಮೆ ಬೆಲೆಯ ಒಂಟೆಯನ್ನೋ ಕುದುರೆಯನ್ನೋ ಪಡೆಯುವ ‘ಎಕ್ಸ್‌ಚೇಂಜ್ ಬಲಿ’ಯನ್ನು ಅವರು ದಾಳಿಗಷ್ಟೇ ಅಲ್ಲದೆ ರಕ್ಷಣೆಗೂ ಬಳಸಿದರು. 1953ರ ಜ್ಯೂರಿಕ್ ಟೂರ್ನಿಯಲ್ಲಿ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ ವಿರುದ್ಧ ಕಪ್ಪು ಕಾಯಿಗಳನ್ನು ನಡೆಸುತ್ತಿದ್ದ ಅವರು, 25ನೇ ನಡೆಯಲ್ಲಿ ಆನೆಯನ್ನು ಬಿಳಿಯ ಒಂಟೆಗೆ ಒಡ್ಡಿ, ಬಳಿಕ ಕುದುರೆಯನ್ನು ಡಿ5 ಮನೆಯಲ್ಲಿ ಭದ್ರವಾಗಿ ನೆಲೆಗೊಳಿಸಿ, ಎದುರಾಳಿಯ ಕಾಲಾಳುಗಳ ಮುನ್ನಡೆಯನ್ನು ತಡೆದುದರಿಂದ ಆಟ ಡ್ರಾದಲ್ಲಿ ಮುಗಿಯಿತು. ಕಾಯಿಯ ನಿಜವಾದ ಬೆಲೆಯನ್ನು ಅದು ನಿಂತ ಸ್ಥಾನವೇ ನಿರ್ಧರಿಸುತ್ತದೆ ಎಂಬುದಕ್ಕೆ ನಿದರ್ಶನವಾಗಿ ಈ ನಡೆಯನ್ನು ತರಬೇತಿ ಪುಸ್ತಕಗಳು ಇಂದಿಗೂ ಉದಾಹರಿಸುತ್ತವೆ.