ಜಯಂತಿಯ ಮರುದಿನದ ಪ್ರಶ್ನೆ

ಏಪ್ರಿಲ್ 14 ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಅಂಬೇಡ್ಕರ್ ಜಯಂತಿಯ ಸಂಭ್ರಮ. ಭಾವಚಿತ್ರಕ್ಕೆ ಹೂಮಾಲೆ, ಮೆರವಣಿಗೆ, ಭಾಷಣ. ಈ ಸಂಭ್ರಮದ ಹಿಂದೆ ಹಕ್ಕಿನ ದೊಡ್ಡ ಕಥೆಯೇ ಇದೆ.

ಸ್ವಾತಂತ್ರ್ಯಕ್ಕೆ ಮುನ್ನ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1950ರ ಜನವರಿ 26ರಂದು ಎಲ್ಲ ಊರಿಗೂ ಒಂದೇ ಸಂವಿಧಾನ ಬಂತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು.

ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ 1955ರ ಕಾಯ್ದೆಗೆ 1976ರಲ್ಲಿ ‘ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ’ ಎಂಬ ಹೆಸರು ಬಂತು. ಬಾವಿ, ಗುಡಿ, ಚಹಾದಂಗಡಿ, ಖಾನಾವಳಿ—ಮುಟ್ಟು-ಮೈಲಿಗೆಯ ನೆಪದಿಂದ ಎಲ್ಲಿ ತಡೆದರೂ ಅದು ಅಪರಾಧ.

ಈ ಹೋರಾಟಕ್ಕೆ ಕಡಲಾಚೆಯ ನಂಟೂ ಉಂಟು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ ಮೂರು ವರ್ಷ ಓದಿದ್ದ ಅಂಬೇಡ್ಕರರು, 1946ರಲ್ಲಿ ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದರು. ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಬೇಕೆಂದು ಕೇಳಿದರು. ಅಸ್ಪೃಶ್ಯರೂ ಅದೇ ದಾರಿ ಹಿಡಿಯಬೇಕೆಂಬ ಯೋಚನೆ ಅವರದಾಗಿತ್ತು.

ಮೆರವಣಿಗೆ ವರ್ಷಕ್ಕೊಮ್ಮೆ, ನೀರು, ಚಹಾ ದಿನಾಲೂ ಬೇಕು. ಏಪ್ರಿಲ್ 15ರಂದೂ ಎಲ್ಲರಿಗೂ ಒಂದೇ ನಳ, ಒಂದೇ ಕಪ್ಪು-ಬಸಿ ಸಿಕ್ಕರೆ ಜಯಂತಿ ಸಾರ್ಥಕ.